ಹುಟ್ಟಿನ ಫಾರ್ಮ್‌ನ ಎರಡು ಭಾಗ

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಕುಂಬಳೆಯಲ್ಲಿರುವ ನನ್ನ ತಂಗಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಜನನ ನೋಂದಣಿ ಫಾರ್ಮ್ ತುಂಬಿಸುವ ಕೆಲಸ ನನಗೆ ಬಂತು. ಒಂದು ಭಾಗದಲ್ಲಿ ಹುಟ್ಟಿದ ದಿನ, ಜಾಗ, ಅಪ್ಪ ಅಮ್ಮನ ಹೆಸರು, ಆಧಾರ್ ನಂಬರ್. ಇನ್ನೊಂದು ಭಾಗದಲ್ಲಿ ಬೇರೆಯೇ ಪ್ರಶ್ನೆಗಳು. ಧರ್ಮ ಯಾವುದು? ಅಮ್ಮ ಎಷ್ಟು ಓದಿದ್ದಾಳೆ? ಮದುವೆಯಾದಾಗ ಅವಳಿಗೆ ವಯಸ್ಸೆಷ್ಟು?

"ಇದೆಲ್ಲ ಎಂತಕ್ಕೆ ಅಣ್ಣ ಇವರಿಗೆ?" ಅಂತ ತಂಗಿ ಕೇಳಿದಳು.

ಉತ್ತರಕ್ಕೆ ಬ್ರಿಟಿಷರ ಕಾಲಕ್ಕೆ ಹೋಗಬೇಕು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸಿನ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1899ರಲ್ಲಿ. ಸರಕಾರಕ್ಕೆ ಬೇಕಿದ್ದದ್ದು ಮುಖ್ಯವಾಗಿ ಲೆಕ್ಕ: ಎಷ್ಟು ಜನ ಹುಟ್ಟಿದರು, ಕಾಲರಾ ಸಿಡುಬಿಗೆ ಎಷ್ಟು ಜನ ಸತ್ತರು. ಮಗು ಹುಟ್ಟಿದ ಗಳಿಗೆ ಜಾತಕದಲ್ಲಿ, ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು.

1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಇಡೀ ದೇಶಕ್ಕೆ ಒಂದೇ ಕಾಯ್ದೆ 1969ರಲ್ಲಿ ಆಯಿತು. ಅದರ 17ನೇ ಸೆಕ್ಷನ್ ನೋಡಿ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ದಾಖಲೆಯ ನಕಲು ಪಡೆಯಬಹುದು, ಆದರೆ ಸಾವಿನ ಕಾರಣವನ್ನು ಅದರಲ್ಲಿ ತೋರಿಸುವಂತಿಲ್ಲ. ಖಾಸಗಿತನ ಅನ್ನುವ ಮಾತು ಬಳಕೆಗೆ ಬರುವ ಮೊದಲೇ ಯಾರೋ ಮನೆಯವರ ಸಂಕಟ ನೆನೆದಿದ್ದರು, ಅಲ್ವಾ? ಆಮೇಲೆ ಬಂದ ಫಾರ್ಮ್‌ನಲ್ಲೂ ಇದೇ ಎಚ್ಚರ ಇತ್ತು. ಧರ್ಮ, ಓದಿನ ಭಾಗವನ್ನು ಹರಿದು ಅಂಕಿಅಂಶಕ್ಕೆ ಕಳಿಸುವುದು, ಹೆಸರಿನ ಭಾಗವನ್ನು ರಿಜಿಸ್ಟರ್‌ನಲ್ಲಿ ಇಡುವುದು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆರು ವರ್ಷದ ನಂತರ 1969ರ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂತು, 2023ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಎಲ್ಲ ರಾಜ್ಯಗಳ ಜನನ ದಾಖಲೆಗೆ ಈಗ ಒಂದೇ ರಾಷ್ಟ್ರೀಯ ಡೇಟಾಬೇಸ್. ಕೇಂದ್ರ ಒಪ್ಪಿದರೆ ಮತದಾರರ ಪಟ್ಟಿ, ರೇಷನ್ ಕಾರ್ಡ್, ಪಾಸ್‌ಪೋರ್ಟ್ ನೋಡಿಕೊಳ್ಳುವವರಿಗೂ ಅದರಿಂದ ಮಾಹಿತಿ ಕೊಡಬಹುದು.

ಗಡಿಯವರಿಗೆ ಇದರಿಂದ ಉಪಕಾರವೂ ಇದೆ. ಹೆರಿಗೆ ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಹಾಗಾಗಿ ನಮ್ಮ ಎಷ್ಟೋ ಮಕ್ಕಳ ದಾಖಲೆ ಕರ್ನಾಟಕದಲ್ಲಿದೆ, ರೇಷನ್ ಕಾರ್ಡ್ ಕೇರಳದ್ದು. ಎರಡು ಕಡೆ ಅಲೆಯುವುದು ತಪ್ಪಿದರೆ ಸಂತೋಷವೇ. ಆದರೆ ಲೆಕ್ಕಕ್ಕೆ ಅಂತ ಶುರುವಾದ ಪುಸ್ತಕ ಈಗ ಒಬ್ಬೊಬ್ಬರನ್ನೂ ಹುಟ್ಟಿನಿಂದ ಗುರುತು ಹಿಡಿಯುವ ಪುಸ್ತಕ ಆಗುತ್ತಿದೆ. ಅದನ್ನು ಯಾರು ಯಾವಾಗ ತೆರೆದು ನೋಡಿದರು ಅಂತ ಮನೆಯವರಿಗೆ ಗೊತ್ತಾಗಲೇಬೇಕು.

ಅಪ್ಪ ಅಮ್ಮನ ಆಧಾರ್ ನಂಬರ್ "ಇದ್ದರೆ" ಬರೆಯಿರಿ ಅಂತ ಕಾಯ್ದೆ ಹೇಳುತ್ತದೆ. ನಾನು ನಿಂತ ಕೌಂಟರಿನಲ್ಲಿ ಆ "ಇದ್ದರೆ" ಯಾರೂ ಹೇಳಲಿಲ್ಲ. ತಂಗಿಯ ಪ್ರಶ್ನೆಗೂ ಅಲ್ಲಿ ಉತ್ತರ ಸಿಗಲಿಲ್ಲ.