ತೆಳು ಲ್ಯಾಪ್‌ಟಾಪ್: ಆಮೇಲೆ ಹಾಕಿಸೋಣ ಅನ್ನುವ ಮೊದಲು

ಪ್ಲಸ್ ಟು ರಿಸಲ್ಟ್ ಬಂದ ಮೇಲೆ ಒಮ್ಮೆ, ಓಣಂ ಆಫರ್ ಶುರುವಾದಾಗ ಇನ್ನೊಮ್ಮೆ ಕಾಸರಗೋಡಿನಲ್ಲಿ ಲ್ಯಾಪ್‌ಟಾಪ್ ವ್ಯಾಪಾರ ಜೋರು. ಬೆಳಗ್ಗಿನ ಟ್ರೈನಿನಲ್ಲಿ ನಿಂತುಕೊಂಡೇ ಮಂಗಳೂರಿಗೆ ಹೋಗುವ ಮಕ್ಕಳಿಗೆ ಹಗುರ ಮಾಡೆಲ್ಲೇ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ತೆಳುವಾದಷ್ಟೂ ಒಳಗೆ ಜಾಗ ಕಡಿಮೆ. ಆಮೇಲೆ ಬದಲಾಯಿಸಬಹುದಾದ ಭಾಗಗಳೂ ಕಡಿಮೆ. ರಿಪೇರಿ ಟೇಬಲಿನಲ್ಲಿ ಇದನ್ನು ದಿನಾ ನೋಡುತ್ತೇನೆ.

ಬದಿಯಡ್ಕ ಕಡೆಯವರೊಬ್ಬರು ಮಗಳ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. "ಅಣ್ಣಾ, ಇದಕ್ಕೆ ಇನ್ನೊಂದು ಎಂಟು ಜಿಬಿ ಹಾಕಿ ಕೊಡಿ, ಭಾರೀ ಸ್ಲೋ ಉಂಟು." ಅಡಿ ಮುಚ್ಚಳ ಬಿಚ್ಚಿ ತೋರಿಸಿದೆ. ರ‍್ಯಾಮ್ ಸ್ಲಾಟೇ ಇಲ್ಲ. ಪ್ರೊಸೆಸರಿನ ಪಕ್ಕದಲ್ಲಿ ಸಣ್ಣ ಕಪ್ಪು ಚಿಪ್ಪುಗಳು, ಬೋರ್ಡಿಗೇ ಬೆಸೆದದ್ದು. "ಹಾಗಾದ್ರೆ ಅಂಗಡಿಯವ್ರು ಆಮೇಲೆ ಹಾಕಿಸ್ಬಹುದು ಅಂದದ್ದು ಎಂತ?" ಅವರು ಸ್ಟೋರೇಜ್ ವಿಷಯ ಹೇಳಿರಬಹುದು, ಇವರು ರ‍್ಯಾಮ್ ಅಂದುಕೊಂಡಿರಬಹುದು. ಎರಡಕ್ಕೂ ಜಿಬಿ ಲೆಕ್ಕವೇ ಅಲ್ವಾ?

ನಮ್ಮ ಊರಿನವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ: ರ‍್ಯಾಮ್ ಅಂದರೆ ಅಡಿಕೆ ಹರಡುವ ಅಂಗಳ, ಸ್ಟೋರೇಜ್ ಅಂದರೆ ಒಣಗಿದ್ದನ್ನು ಕಟ್ಟಿಡುವ ಅಟ್ಟ. ತೆರೆದಿಟ್ಟ ಕೆಲಸವೆಲ್ಲ ರ‍್ಯಾಮಿನಲ್ಲಿ ಇರುತ್ತದೆ. ಅದು ತುಂಬಿದಾಗ ವಿಂಡೋಸ್ ಸ್ವಲ್ಪ ಭಾಗವನ್ನು ಸ್ಟೋರೇಜಿಗೆ ಸಾಗಿಸಿ, ಬೇಕಾದಾಗ ಮತ್ತೆ ಎಳೆದು ತರುತ್ತದೆ. ಲ್ಯಾಪ್‌ಟಾಪ್ 'ಹ್ಯಾಂಗ್' ಆಯಿತು ಅಂತ ನೀವು ಹೇಳುವ ಹೊತ್ತಿಗೆ ಹೆಚ್ಚಾಗಿ ಈ ಓಡಾಟವೇ ನಡೆದಿರುತ್ತದೆ.

ಹಗುರ ಮಾಡೆಲ್ಲುಗಳಲ್ಲಿ ಇರುವುದು ಸಾಮಾನ್ಯವಾಗಿ ಎಲ್‌ಪಿಡಿಡಿಆರ್ ಜಾತಿಯ ರ‍್ಯಾಮ್. ಬ್ಯಾಟರಿ ಕಡಿಮೆ ತಿನ್ನುತ್ತದೆ, ವೇಗವೂ ಚೆನ್ನಾಗಿದೆ. ಆದರೆ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬರೀ ಡಿಡಿಆರ್4, ಡಿಡಿಆರ್5 ಅಂತ ಬರೆದಿದ್ದರೆ ಸ್ಲಾಟ್ ಇರುವ ಸಾಧ್ಯತೆ ಉಂಟು, ಗ್ಯಾರಂಟಿ ಇಲ್ಲ. ಕೆಲವು ಮಾಡೆಲ್ಲುಗಳಲ್ಲಿ 8 ಜಿಬಿ ಬೋರ್ಡಿನಲ್ಲಿರುತ್ತದೆ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ ಇರುತ್ತದೆ. ಅಂಥದ್ದು ಸಿಕ್ಕರೆ ಒಳ್ಳೆಯದು.

ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ನೀವೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ, ಕೆಳಗೆ 'ಫಾರ್ಮ್ ಫ್ಯಾಕ್ಟರ್' ಎದುರು ಏನಿದೆ ನೋಡಿ. 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸೆದದ್ದು ಅಂತಲೇ ಲೆಕ್ಕ. 'ಎಸ್‌ಒಡಿಐಎಂಎಂ' ಅಂತಿದ್ದರೆ ಬಿಚ್ಚಿ ಹಾಕುವ ಪಟ್ಟಿ. ಆದರೂ ಮಾಡೆಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡುವುದು ಕ್ಷೇಮ.

ಎಷ್ಟು ಬೇಕು? ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಆನ್ ಆಗಲು ಸಾಕು, ಅಷ್ಟೇ. 8 ಜಿಬಿಯಲ್ಲಿ ವಿಂಡೋಸೇ ಹತ್ತಿರ ಹತ್ತಿರ ಅರ್ಧ ಹಿಡಿದುಕೊಳ್ಳುತ್ತದೆ. ಹಗುರ ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದು ಕಡಿಮೆ, ಹಾಗಾಗಿ ಗ್ರಾಫಿಕ್ಸಿನ ಪಾಲೂ ಇದೇ ರ‍್ಯಾಮಿನಿಂದ ಹೋಗುತ್ತದೆ. ಮೇಲೆ ಕ್ರೋಮ್, ವಾಟ್ಸ್ಆಪ್, ಒಂದು ಆನ್‌ಲೈನ್ ಕ್ಲಾಸ್. ಮುಗಿಯಿತು! ಬೆಸೆದ ರ‍್ಯಾಮ್ ಇದ್ದರೆ ನನ್ನ ಉತ್ತರ 16 ಜಿಬಿಯೇ. ಆ್ಯಪಲ್ ಕೂಡ 2024ರಲ್ಲಿ ಮ್ಯಾಕ್‌ಬುಕ್ ಏರ್‌ಗೆ ಕನಿಷ್ಠ 16 ಜಿಬಿ ಮಾಡಿತು. ಬಜೆಟ್ ಒಂದೇ, ರ‍್ಯಾಮ್+ಸ್ಟೋರೇಜ್ ಲೆಕ್ಕದಲ್ಲಿ 8+512 ಮತ್ತು 16+256 ಇವೆರಡೇ ಇವೆ ಅಂದರೆ ಎರಡನೆಯದು ತಗೊಳ್ಳಿ, ಸ್ಟೋರೇಜಿನ ಪಟ್ಟಿಯಾದ ಎಸ್‌ಎಸ್‌ಡಿ ಬಿಚ್ಚಿ ಹಾಕುವಂಥದ್ದಾಗಿದ್ದರೆ. 32 ಜಿಬಿ ಬೇಕಾಗುವುದು ವಿಡಿಯೊ ಎಡಿಟಿಂಗ್ ಮಾಡುವವರಿಗೆ, ದೊಡ್ಡ ಕೋಡಿಂಗ್ ಕೆಲಸದವರಿಗೆ. ಬಿ.ಕಾಂ. ಹುಡುಗನಿಗೆ ಸುಮ್ನೆ ಖರ್ಚು.

ಸ್ಲಾಟ್ ಇದೆ, ಆಮೇಲೆ ಹಾಕಿಸೋಣ ಅನ್ನುವವರಿಗೆ ಒಂದು ಮಾತು. 2025ರ ಕೊನೆಗೆ ರ‍್ಯಾಮ್ ರೇಟ್ ವಿಪರೀತ ಏರಿತು. ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿ ಮಾಡುವುದರಲ್ಲೇ ಕಂಪನಿಗಳಿಗೆ ಲಾಭ ಜಾಸ್ತಿ. ಆಮೇಲೆ ಅಗ್ಗವಾಗುತ್ತದೆ ಅಂತ ಕಾಯುವ ಹಳೆಯ ಲೆಕ್ಕವನ್ನು ಈಗ ನಂಬುವ ಹಾಗಿಲ್ಲ.

ಇನ್ನು ಸ್ಟೋರೇಜ್. ಇಎಂಎಂಸಿ ಅಂತ ಕಂಡರೆ ಬಿಟ್ಟುಬಿಡಿ, ಅದು ಅಗ್ಗದ ಜಾತಿಯ ಸ್ಟೋರೇಜ್. ಅಗ್ಗದ ಲ್ಯಾಪ್‌ಟಾಪಿನಲ್ಲಿ 64 ಅಥವಾ 128 ಜಿಬಿ ಇರುತ್ತದೆ, ಅದೂ ಬೆಸೆದದ್ದು. 64 ಜಿಬಿಯದ್ದರಲ್ಲಿ ವಿಂಡೋಸ್ ಅಪ್‌ಡೇಟ್‌ಗೂ ಜಾಗ ಸಾಲದೆ ಪರದಾಡಬೇಕಾಗುತ್ತದೆ. ಬೇಕಾದದ್ದು ಸ್ಲಾಟಿಗೆ ಸಿಕ್ಕಿಸುವ ವೇಗದ ಪಟ್ಟಿ, ಅಂದರೆ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ. ಹಳೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಜೆನ್ 3 (ಮೂರನೆಯ ತಲೆಮಾರಿನ) ಎನ್‌ವಿಎಂಇ 3,500ರವರೆಗೆ, ಜೆನ್ 4 ಸುಮಾರು 7,000ದವರೆಗೆ ಹೋಗುತ್ತದೆ. ಜೆನ್ 3, ಜೆನ್ 4 ನಡುವಿನ ವ್ಯತ್ಯಾಸ ವರ್ಡ್, ಎಕ್ಸೆಲ್ ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಜಾಸ್ತಿ ಹಣ ಕೊಡಬೇಡಿ. ಉದ್ದವನ್ನೂ ಕೇಳಿ: ಮಾಮೂಲಿ ಎಸ್‌ಎಸ್‌ಡಿ 80 ಮಿಲಿಮೀಟರ್, ಕೆಲವು ತೆಳು ಮಾಡೆಲ್ಲುಗಳಿಗೆ 42 ಅಥವಾ 30 ಮಿಲಿಮೀಟರಿನದ್ದೇ ಹಿಡಿಸುವುದು.

512 ಜಿಬಿ ತಗೊಂಡು ಮನೆಗೆ ಹೋದ ಮೇಲೆ "476 ಅಂತ ತೋರಿಸ್ತದೆ, ಮೋಸ ಮಾಡಿದ್ರು" ಅಂತ ಫೋನ್ ಬರುವುದುಂಟು. ಮೋಸ ಅಲ್ಲ. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಯಕ್ಷಗಾನ ರೆಕಾರ್ಡ್ ಮಾಡುವ ಹುಚ್ಚು ಇರುವವರಿಗಂತೂ 512 ಆದರೂ 1 ಟಿಬಿ ಆದರೂ ಸಾಲದು. ಮೊಬೈಲಿನ ಫುಲ್ ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 4ರಿಂದ 8 ಜಿಬಿ ತಿನ್ನುತ್ತದೆ, ಇಡೀ ರಾತ್ರಿಯ ಆಟ ಎಷ್ಟಾದೀತು ನೋಡಿ. ಅಂಥವರು ಬೇರೆ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಬೇಕು.

ಬಿಚ್ಚಿ ತೆಗೆಯುವ ಎಸ್‌ಎಸ್‌ಡಿಯ ಬೆಲೆ ಗೊತ್ತಾಗುವುದು ಜೂನ್ ತಿಂಗಳಲ್ಲಿ. ಬ್ಯಾಗಿನೊಳಗೆ ಮಳೆ ನೀರು ಇಳಿದು ಬೋರ್ಡ್ ಸತ್ತರೂ ಎಸ್‌ಎಸ್‌ಡಿ ತೆಗೆದು ಬೇರೆ ಕಡೆ ಹಾಕಿ ಪ್ರಾಜೆಕ್ಟ್ ಫೈಲ್ ಉಳಿಸುವ ದಾರಿ ಉಂಟು. ಬೆಸೆದ ಸ್ಟೋರೇಜ್ ಆದರೆ ಬೋರ್ಡನ್ನೇ ಬದುಕಿಸಬೇಕು. ಇಲ್ಲಿ ಇನ್ನೊಂದು ಗಂಟು ಇದೆ. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೈನ್ ಇನ್ ಆದರೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸ್ಟೋರೇಜ್ ತನ್ನಷ್ಟಕ್ಕೇ ಬೀಗ ಬಿದ್ದ ಹಾಗೆ ಎನ್‌ಕ್ರಿಪ್ಟ್ ಆಗುತ್ತದೆ. ಆಗ ಬೇರೆ ಕಡೆ ಹಾಕಿ ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಅದು ಆ ಅಕೌಂಟಿನಲ್ಲಿರುತ್ತದೆ. ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿ ಸೆಟಪ್ ಮಾಡಿ ಕೊಟ್ಟಿದ್ದರೆ ಕೀ ಅವನ ಹತ್ತಿರ! ಸೆಟಪ್ ನಿಮ್ಮ ಇಮೇಲಿನಲ್ಲೇ ಮಾಡಿಸಿ, ಕೀಯನ್ನು ಕಾಗದದಲ್ಲೂ ಬರೆದಿಡಿ.

ದುಬೈಯಿಂದ ಭಾವ ತರುತ್ತಾರೆ ಅನ್ನುವವರು ಹಣ ಕೊಡುವ ಮೊದಲೇ ಮಾಡೆಲ್ ನಂಬರ್ ವಾಟ್ಸ್ಆಪ್ ಮಾಡಲು ಹೇಳಿ. ಒಂದೇ ಹೆಸರಿನ ಮಾಡೆಲ್ಲಿಗೆ ಅಲ್ಲೊಂದು, ಇಲ್ಲೊಂದು ರ‍್ಯಾಮ್ ಇರಬಹುದು. ಭಾರತದಲ್ಲಿ ವಾರಂಟಿ ನಡೆಯುತ್ತದಾ ಅಂತಲೂ ಕೇಳಿ, ಬಿಲ್ ಜೋಪಾನ ಮಾಡಿ.