ಕಪ್ಪ ಕೇಳುವವರು, ಕೊಡುವವರು

ಹತ್ತು ಪುಟ್ಟ ರಾಜ್ಯಗಳು ಒಂದರ ಪಕ್ಕ ಒಂದು, ವೃತ್ತದಲ್ಲಿ ನಿಂತಿವೆ. ಒಂದೊಂದರ ಸಂಪತ್ತು 300ರಿಂದ 500ರ ಒಳಗೆ. ಯಾರೂ ತೀರಾ ಬಲಿಷ್ಠರಲ್ಲ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ 1995ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಮಾಡೆಲ್ ಶುರುವಾಗುವುದು ಹೀಗೆ. ಈ ರಾಜ್ಯಗಳೇ ಅದರ ಏಜೆಂಟ್‌ಗಳು, ಅಂದರೆ ಕೊಟ್ಟ ನಿಯಮದಂತೆ ತಾವೇ ತೀರ್ಮಾನಿಸುವ ಪಾತ್ರಗಳು.

ಪ್ರತಿ ವರ್ಷ ಎಲ್ಲರಿಗೂ 20ರಷ್ಟು ಆದಾಯ. ಕೆಲವರಿಗೆ ಮಾತ್ರ ಸರದಿ ಸಿಗುತ್ತದೆ. ಸರದಿ ಸಿಕ್ಕವರು ಪಕ್ಕದವರಿಗೆ "250 ಕಪ್ಪ ಕೊಡು, ಇಲ್ಲವೇ ಯುದ್ಧಕ್ಕೆ ಬಾ" ಎನ್ನಬಹುದು. ಕೇಳಿಸಿಕೊಂಡವರು ಲೆಕ್ಕ ಹಾಕಿ, ಯಾವುದರಲ್ಲಿ ನಷ್ಟ ಕಡಿಮೆಯೋ ಅದನ್ನು ಆರಿಸುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ನಿಯಮ. ಕಪ್ಪ ಕೈ ಬದಲಾದಾಗಲೆಲ್ಲ ಕೊಟ್ಟವರು, ಪಡೆದವರು ಇಬ್ಬರಿಗೂ ಪರಸ್ಪರ ಇರುವ ನಿಷ್ಠೆ ಶೇಕಡಾ 10 ಹೆಚ್ಚುತ್ತದೆ. ಒಂದೇ ಪಕ್ಷದಲ್ಲಿ ಹೋರಾಡಿದರೂ ಹಾಗೇ. ಎದುರುಬದುರಾದರೆ ಇಳಿಯುತ್ತದೆ. ಯುದ್ಧ ಬಂದಾಗ ನಿಷ್ಠೆ ಇದ್ದಷ್ಟು ನೆರವು. ಇವತ್ತು ಹೆದರಿ ಕಪ್ಪ ಕೊಟ್ಟವನು ನಾಳೆ ಅದೇ ದೊರೆಯ ಬೆನ್ನಿಗೆ ನಿಂತು ಇನ್ನೊಬ್ಬನನ್ನು ಬಗ್ಗಿಸುತ್ತಾನೆ. ದೊರೆಯ ಬಲ ಹೆಚ್ಚಾಯಿತಲ್ವಾ? ಮುಂದಿನವನು ಇನ್ನೂ ಬೇಗ ಬಗ್ಗುತ್ತಾನೆ. ಒಬ್ಬ ದೊರೆ, ಸುತ್ತ ಸಾಮಂತರು ಎಂದು ಪ್ರೋಗ್ರಾಂನಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೂ ಸಾವಿರ ವರ್ಷ ಓಡಿಸಿದಾಗ ಅಂಥ ಗುಂಪುಗಳು ತಾವಾಗಿಯೇ ಮೂಡಿದವು.

ಆದರೆ ನಿಷ್ಠೆ ದೊರೆಯನ್ನೂ ಕಟ್ಟಿಹಾಕುತ್ತದೆ. ಸಣ್ಣ ಸಾಮಂತನ ಜಗಳಕ್ಕೆ ಅವನೂ ಇಳಿಯಬೇಕು. ಹೀಗೆ ಕಂಡವರ ಯುದ್ಧಗಳಲ್ಲಿ ಸವೆದು ಬಲಿಷ್ಠರು ಕುಸಿದದ್ದೂ ಉಂಟು. ನಿಯಮ ಅವೇ ಇದ್ದು, ಆರಂಭದ ಅಂಕಿ ಮತ್ತು ಸರದಿ ಬದಲಾದರೆ ಚರಿತ್ರೆಯೇ ಬೇರೆಯಾಗುತ್ತದೆ. ಹಾಗಾಗಿ ಇದನ್ನು ಹಿಡಿದು ಯಾವ ದೇಶದ ಭವಿಷ್ಯವನ್ನೂ ಹೇಳಬಾರದು.

ಈ ಮಾಡೆಲ್‌ನಲ್ಲಿ ಪ್ರಜೆಗಳೇ ಇಲ್ಲ. ಅದು ನನಗೆ ದೊಡ್ಡ ಕೊರತೆಯಾಗಿಯೇ ಕಾಣುತ್ತದೆ. 2002ರಲ್ಲಿ ಅಮೆರಿಕದ ಸಂಶೋಧಕ ಜೋಶುವಾ ಎಪ್‌ಸ್ಟೀನ್ ಪ್ರಕಟಿಸಿದ ಮಾಡೆಲ್‌ನಲ್ಲಿ ಪ್ರಜೆಗಳೇ ಏಜೆಂಟ್‌ಗಳು. ಅವರಿಗೆ ಕಷ್ಟಗಳಿವೆ, ಸರ್ಕಾರದ ಮೇಲೆ ಒಂದಿಷ್ಟು ನಂಬಿಕೆಯೂ ಇದೆ. ಸುತ್ತ ಪೊಲೀಸರೆಷ್ಟು, ದಂಗೆ ಎದ್ದವರೆಷ್ಟು ಎಂದು ನೋಡಿಕೊಂಡು, ಏಳುವುದೋ ಸುಮ್ನೆ ಇರುವುದೋ ಎಂದು ತೀರ್ಮಾನಿಸುತ್ತಾರೆ. ನಂಬಿಕೆ ನಿಧಾನವಾಗಿ ಕರಗಿದರೆ, ಬಹಳ ಕರಗಿದರೂ, ಎದ್ದವರು ಒಬ್ಬೊಬ್ಬರಾಗಿ ಜೈಲು ಸೇರುತ್ತಾರೆ. ದಂಗೆ ಹಬ್ಬುವುದಿಲ್ಲ. ಅದಕ್ಕಿಂತ ಸಣ್ಣ ಕುಸಿತ ಒಮ್ಮೆಲೇ ಆದರೆ ಜನ ಒಟ್ಟಿಗೆ ಏಳುತ್ತಾರೆ. ಪೊಲೀಸರ ಸಂಖ್ಯೆ ಮೊದಲಿನಷ್ಟೇ ಇದ್ದರೂ ಆಗ ಸಾಲುವುದಿಲ್ಲ.