ಪದ ಪರಿಚಯ: ಯುವ ಸಂಗೀತಗಾರರ ಯೂರೋವಿಷನ್‌ನಲ್ಲಿ ‘ಆಸ್ಟ್ರಿಯಾ’

ಯೂರೋವಿಷನ್ ಯಂಗ್ ಮ್ಯೂಸಿಷಿಯನ್ಸ್ ಸ್ಪರ್ಧೆಯ ವಿಜೇತರ ಪಟ್ಟಿಯಲ್ಲಿ ವಾದಕರ ಹೆಸರಿನ ಪಕ್ಕದಲ್ಲಿ ಕಾಣುವ ‘ದೇಶ’ ಎಂಬ ಪದಕ್ಕೆ ವಿಶೇಷವಾದ ಅರ್ಥವಿದೆ. ಅದು ವಾದಕರು ಹುಟ್ಟಿದ ನಾಡೇ ಆಗಬೇಕೆಂದಿಲ್ಲ. ಅವರನ್ನು ಆರಿಸಿ ಕಳುಹಿಸಿದ ಪ್ರಸಾರ ಸಂಸ್ಥೆ ಯಾವ ದೇಶದ್ದೋ ಆ ದೇಶ. ನಮ್ಮ ಆಕಾಶವಾಣಿ, ದೂರದರ್ಶನಗಳಂಥ ಸಾರ್ವಜನಿಕ ಸಂಸ್ಥೆಗಳ ಒಕ್ಕೂಟವಾದ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 1982ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರು ದೇಶಗಳೊಂದಿಗೆ ಆರಂಭಿಸಿದ ಈ ಸ್ಪರ್ಧೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ.

ಈ ಅರ್ಥವನ್ನು ತಿಳಿಯಲು ಆಸ್ಟ್ರಿಯಾಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2024ರವರೆಗೆ ನಡೆದ 21 ಸ್ಪರ್ಧೆಗಳಲ್ಲಿ ಅದು ಆರು ಬಾರಿ (1988, 1998, 2002, 2004, 2014, 2024) ಗೆದ್ದಿದೆ. ನಂತರದ ಸ್ಥಾನದಲ್ಲಿರುವ ಪೋಲೆಂಡಿನ ಗೆಲುವುಗಳು ಮೂರು. ಪಿಯಾನೋ ಪರಂಪರೆಗೆ ಹೆಸರಾದ ಈ ದೇಶಕ್ಕೆ ಆರು ಸಲವೂ ಬಹುಮಾನ ತಂದದ್ದು ಮಾತ್ರ ಪಿಟೀಲು.

ಆ ಆರು ಮಂದಿಯಲ್ಲಿ ಮೊದಲ ಐವರು ಆಸ್ಟ್ರಿಯಾದಲ್ಲಿ ಹುಟ್ಟಿದವರಲ್ಲ. 13ರ ವಯಸ್ಸಿನಲ್ಲೇ ಗೆದ್ದ ಜೂಲಿಯನ್ ರಾಖ್ಲಿನ್ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಲಿಡಿಯಾ ಬೈಚ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ದಾಲಿಬೋರ್ ಕಾರ್ವಾಯ್ ಸ್ಲೊವಾಕಿಯಾದಲ್ಲಿ ಹುಟ್ಟಿದರು. ಅಲೆಕ್ಸಾಂಡ್ರಾ ಸೂಮ್ ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ. ಈ ನಾಲ್ವರೂ ವಿಯೆನ್ನಾದಲ್ಲಿ ಬೋರಿಸ್ ಕುಶ್ನಿರ್ ಎಂಬ ಒಬ್ಬರೇ ಗುರುಗಳ ಶಿಷ್ಯರು, ಆ ಗುರುಗಳೂ ಕೀವ್‌ನಲ್ಲಿ ಹುಟ್ಟಿ, ಹೊರಗಿನಿಂದ ಬಂದು ನೆಲೆಸಿದವರು. ಐದನೆಯವರಾದ ಝಿಯು ಹೆ ಚೀನಾದ ಚಿಂಗ್‌ದಾವ್‌ನಿಂದ ಸಾಲ್ಜ್‌ಬರ್ಗ್‌ಗೆ ಕಲಿಯಲು ಬಂದವರು. ಹೀಗಾಗಿ ಈ ಪಟ್ಟಿಯ ‘ಆಸ್ಟ್ರಿಯಾ’ ಎಂಬುದನ್ನು ಹುಟ್ಟೂರಿನ ಗುರುತಾಗಿ ಓದುವುದಕ್ಕಿಂತ, ನಮ್ಮ ಸಂಗೀತಗಾರರು ಶಿಷ್ಯಪರಂಪರೆ ಎನ್ನುವುದರ ವಿಳಾಸವಾಗಿ ಓದುವುದೇ ಸರಿಯೆಂದು ತೋರುತ್ತದೆ.

ಆತಿಥ್ಯವನ್ನೂ ಈ ದಾಖಲೆಗೆ ಸೇರಿಸಿ ಹೇಳುವುದುಂಟು, ಆದರೆ ಅದು ಬೇರೆಯೇ ಲೆಕ್ಕ. ವಿಯೆನ್ನಾ ಆರು ಬಾರಿ ಸ್ಪರ್ಧೆಯನ್ನು ನಡೆಸಿದೆ. 2006ರಿಂದ 2012ರವರೆಗೆ ಸತತ ನಾಲ್ಕು ಸಲ ಪುರಭವನದ ಮುಂದಿನ ಬಯಲಿನಲ್ಲಿ ಅಂತಿಮ ಸುತ್ತು ನಡೆದಾಗ ಗೆದ್ದದ್ದು ಕ್ರಮವಾಗಿ ಸ್ವೀಡನ್, ಗ್ರೀಸ್, ಸ್ಲೊವೇನಿಯಾ ಮತ್ತು ನಾರ್ವೆ. ತವರಿನಲ್ಲಿ ಆಸ್ಟ್ರಿಯಾ ಗೆದ್ದದ್ದು 1998ರಲ್ಲಿ ಮಾತ್ರ. ಉಳಿದ ಐದು ಗೆಲುವುಗಳು ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಲುಸರ್ನ್, ಕಲೋನ್ ಮತ್ತು ನಾರ್ವೆಯ ಬೋಡೋ ನಗರಗಳಲ್ಲಿ ಬಂದವು.